ಥಾಮಸ್ ಪಾದ್ರಿಯ ಫೋನು ಗೂಡು

ಥಾಮಸ್ ಡಿಮೆಲ್ಲೊ ಪಾದ್ರಿಯಾಗಿರಲಿಲ್ಲ. ಶಿರ್ವದ ಕಡೆಯ ರೇಡಿಯೊ ಆಪರೇಟರ್ ಅವನು. ರಜೆಯಲ್ಲಿ ದುಬೈಗೆ ಬಂದಾಗ ಅಕ್ಕ ಬೆಟ್ಟಿಯ ಒತ್ತಾಯಕ್ಕೆ ಇಗರ್ಜಿಗೆ ಹೋಗುತ್ತಿದ್ದನಾದರೂ, ಪ್ರವಚನ ಶುರುವಾದ ಕೂಡಲೇ ಹೊರಗೆ ಬಂದು ಸಿಗರೇಟು ಹಚ್ಚುವವರ ಗುಂಪಿನಲ್ಲಿ ಅವನ ಜಾಗ ಖಾಯಂ. ಆದರೂ ಅಬುಧಾಬಿಯ ಸಮುದ್ರದ ನಡುವೆ ನಮ್ಮ ಬಾರ್ಜಿನಲ್ಲಿದ್ದ ಇನ್ನೂರ ನಲವತ್ತು ಗಂಡಸರು ಅವನನ್ನು ಪಾದ್ರಿ ಎಂದೇ ಕರೆಯುತ್ತಿದ್ದರು. ಕಾರಣ, ನಮ್ಮೆಲ್ಲರ ಪಾಪಗಳೂ ಅವನ ಕಿವಿಗೆ ಬಿದ್ದಿದ್ದವು. ಪ್ರಾಯಶ್ಚಿತ್ತ ಮಾತ್ರ ಅವನು ಕೊಡುತ್ತಿರಲಿಲ್ಲ, ಬೈಗುಳ ಕೊಡುತ್ತಿದ್ದ.

ಬಾರ್ಜ್ ಎಂದರೆ ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ಸಮುದ್ರದಲ್ಲಿ ನಿಂತ ತಗಡಿನ ಲಾಡ್ಜು. ಸುತ್ತಲಿನ ಎಣ್ಣೆ ಬಾವಿಗಳಲ್ಲಿ ವೆಲ್ಡಿಂಗ್, ಪೇಂಟಿಂಗ್ ಮಾಡುವವರು ಅಲ್ಲಿ ಉಂಡು ಮಲಗುತ್ತಿದ್ದರು. ಮೂರು ತಿಂಗಳು ನೀರು, ಒಂದು ತಿಂಗಳು ನೆಲ. ಬೋಟಿನಲ್ಲಿ ದಡಕ್ಕೆ ಏಳು ಗಂಟೆ. ಮೊಬೈಲುಗಳನ್ನು ನಾವು ಫೋಟೊ ನೋಡಲು, ಅಲಾರಂ ಇಡಲು ಇಟ್ಟುಕೊಂಡಿದ್ದೆವು. ಸಿಗ್ನಲ್ ಎಂಬುದು ಅಲ್ಲಿಗೆ ಈಜಿಕೊಂಡೂ ಬರುತ್ತಿರಲಿಲ್ಲ. ನಾನು ಅಲ್ಲಿ ಟೈಮ್‌ಕೀಪರ್ ಆಗಿ ಸೇರಿದ್ದು ೨೦೧೧ರಲ್ಲಿ. ಕಿನ್ನಿಗೋಳಿಯವನು. ನನಗೆ ಬೇರೆ ಕೋಣೆಯಿಲ್ಲದೆ ಥಾಮಸನ ರೇಡಿಯೊ ರೂಮಿನ ಮೂಲೆಯಲ್ಲೇ ಒಂದು ಮೇಜು ಹಾಕಿಕೊಟ್ಟರು. ಈ ಕಥೆ ನನಗೆ ಇಷ್ಟು ವಿವರವಾಗಿ ಗೊತ್ತಿರುವುದು ಆ ಮೇಜಿನ ದೆಸೆಯಿಂದ.

ರೇಡಿಯೊ ರೂಮಿಗೆ ಅಂಟಿಕೊಂಡು ಪ್ಲೈವುಡ್ಡಿನ ಒಂದು ಗೂಡು ಇತ್ತು. ಒಳಗೆ ಸ್ಟೂಲು, ಗೋಡೆಗೆ ಒಂದು ಫೋನು. ಮೇಲೆ ಛಾವಣಿಯಲ್ಲಿ ಕವುಚಿಟ್ಟ ಕೊಪ್ಪರಿಗೆಯಂಥ ಬಿಳಿ ಗುಮ್ಮಟ. ಅದರೊಳಗಿನ ಆಂಟೆನಾ ಹಗಲೂ ಇರುಳೂ ಒಂದು ಉಪಗ್ರಹವನ್ನು ದಿಟ್ಟಿಸಿಕೊಂಡಿರುತ್ತಿತ್ತು. ಪ್ರತಿಯೊಬ್ಬನಿಗೂ ವಾರಕ್ಕೊಂದು ಕಾರ್ಡು, ಕಾರ್ಡಿಗೆ ಇಪ್ಪತ್ತು ನಿಮಿಷ. ನಂಬರು ಕೆರೆದು, ಒತ್ತಿ, ಮನೆಯವರೊಡನೆ ಮಾತಾಡಬೇಕು. ಪ್ಲೈವುಡ್ಡು ಮಾತನ್ನು ತಡೆಯುವಷ್ಟು ದಪ್ಪವಿರಲಿಲ್ಲ. ಜೊತೆಗೆ, ಮಾತು ಬಾಹ್ಯಾಕಾಶಕ್ಕೆ ಹೋಗಬೇಕಲ್ಲವೇ ಎಂದು ಎಲ್ಲರೂ ಕಿರುಚಿಯೇ ಮಾತಾಡುತ್ತಿದ್ದರು. ಯಾರ ಹೆಂಡತಿ ಯಾರ ಅತ್ತೆಯನ್ನು ಮನೆಯಿಂದ ಓಡಿಸಿದಳು, ಯಾರು ಯಾರಿಗೆ ಯಾವ ಸುಳ್ಳು ಹೇಳಿದರು, ಎಲ್ಲವೂ ರೇಡಿಯೊ ರೂಮಿಗೆ ನೇರ ಪ್ರಸಾರವಾಗುತ್ತಿತ್ತು. ಕೇಳಿದ್ದನ್ನು ಥಾಮಸ್ ಹೊರಗೆ ಎಲ್ಲೂ ಆಡುತ್ತಿರಲಿಲ್ಲ. ಆದರೆ ಮಾತು ಮುಗಿಸಿ ಬಂದವನನ್ನು ಬಾಗಿಲಲ್ಲೇ ಹಿಡಿದು, ಹೆಂಡತಿಯೊಡನೆ ಹೀಗಾ ಮಾತಾಡುವುದು ಮಂಗ, ನಾಳೆ ಬಂದು ಸರಿಮಾಡು ಎಂದು ಗದರಿಸುತ್ತಿದ್ದ. ಪಾದ್ರಿ ಎಂಬ ಹೆಸರು ಬಂದದ್ದು ಹಾಗೆ.

ಅವನು ಆ ಫೋನನ್ನು ಪ್ರೀತಿಸುತ್ತಿದ್ದನೆಂದು ಮಾತ್ರ ತಿಳಿಯಬೇಡಿ. ಅದರ ಮೇಲೆ ಅವನಿಗೆ ಹಳೆಯ ಹಗೆಯಿತ್ತು. ಹರೆಯದಲ್ಲಿ ಅವನು ತಂತಿ ಕಳುಹಿಸುವ ಮೋರ್ಸ್ ಕಲಿತು, ಪರೀಕ್ಷೆ ಪಾಸು ಮಾಡಿ, ಹಡಗಿನಲ್ಲಿ ರೇಡಿಯೊ ಆಫೀಸರ್ ಆಗಿ ಹನ್ನೊಂದು ವರ್ಷ ಸಮುದ್ರ ಸುತ್ತಿದವನು. ಹೆಗಲ ಮೇಲೆ ಬಂಗಾರದ ಪಟ್ಟಿ, ಊಟಕ್ಕೆ ಕ್ಯಾಪ್ಟನ್ನನ ಮೇಜು. ಆಮೇಲೆ ಹಡಗುಗಳಿಗೆ ಉಪಗ್ರಹದ ಸಲಕರಣೆ ಬಂತು, ಮೋರ್ಸಿನ ಕಟ್ಟುಕಡ ಬಡಿಯುವವರು ಯಾರಿಗೂ ಬೇಡವಾದರು. ಬಂಗಾರದ ಪಟ್ಟಿಯನ್ನು ಪೆಟ್ಟಿಗೆಗೆ ಹಾಕಿ ಅವನು ದುಬೈಯ ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಟೈಲ್ಸಿನ ಪೆಟ್ಟಿಗೆ ಎಣಿಸುತ್ತ ಹತ್ತು ವರ್ಷ ಕಳೆದ. ಕೊನೆಗೆ ಸಮುದ್ರದ ಮೇಲೆ ಕೆಲಸ ಸಿಕ್ಕಿತು ಎಂದು ಬಾರ್ಜಿಗೆ ಬಂದರೆ, ತನ್ನ ಅನ್ನ ಕಿತ್ತುಕೊಂಡವನ ಮನೆಗೇ ಕಾವಲುಗಾರನಾಗಿ ಬಂದಂತಾಯಿತು. ಬೆಳಿಗ್ಗೆ ಡ್ಯೂಟಿಗೆ ಬಂದವನೇ ಗುಮ್ಮಟದ ಕಡೆ ನೋಡಿ ಕೊಂಕಣಿಯಲ್ಲಿ ಒಂದು ಬೈಗುಳ ಸಲ್ಲಿಸಿ, ಆಮೇಲೆ ಅದರ ಮೇಲಿನ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ.

ಆ ಫೋನಿಗೆ ಒಂದು ರೋಗವಿತ್ತು. ಆಡಿದ ಮಾತು ಆಕಾಶ ಹತ್ತಿ ಇಳಿಯಬೇಕು, ಉತ್ತರವೂ ಅದೇ ದಾರಿಯಲ್ಲಿ ವಾಪಸು ಬರಬೇಕು. ಹೀಗಾಗಿ ಪ್ರತಿ ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದೂವರೆ ಸೆಕೆಂಡಿನಷ್ಟು ಮೌನ. ಆ ಮೌನ ತಡೆಯಲಾರದೆ ಇಬ್ಬರೂ ಒಟ್ಟಿಗೆ ಮಾತಾಡಿದರೆ ಯಂತ್ರ ಒಬ್ಬರ ಮಾತನ್ನು ಮುಟ್ಟಿಸಿ ಇನ್ನೊಬ್ಬರದ್ದನ್ನು ನುಂಗಿಬಿಡುತ್ತಿತ್ತು.

ಇದರಿಂದ ಅತಿ ಹೆಚ್ಚು ಪೆಟ್ಟು ತಿಂದವನು ಅಬ್ದುಲ್ಲ, ನಮ್ಮ ಅಡುಗೆಯವನು. ಉಚ್ಚಿಲದ ಬ್ಯಾರಿ, ಮಾತಿನಲ್ಲಿ ಗಾಳಿಗಿಂತ ಜೋರು. ಒಂದು ಶುಕ್ರವಾರ ಅವನ ಹೆಂಡತಿ ಜುಬೈದ ಮಗ ಪರೀಕ್ಷೆಯಲ್ಲಿ ಪಾಸಾದ ಸುದ್ದಿ ಹೇಳಿದಳು. ಉತ್ತರ ಬಾರದ್ದನ್ನು ನೋಡಿ, ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದದ್ದನ್ನೂ ಹೇಳಿದಳು. ಆಗ ಸರಿಯಾಗಿ ಆಕಾಶದಿಂದ ಗಂಡನ ಮಾತು ಇಳಿಯಿತು: ಬಹಳ ಸಂತೋಷ ಆಯಿತು, ಎಲ್ಲರಿಗೂ ಸಿಹಿ ಹಂಚು. ಜುಬೈದ ಫೋನು ಕುಕ್ಕಿದಳು. ಅಬ್ದುಲ್ಲ ಹೊರಗೆ ಬಂದು, ಮಗ ಪಾಸಾದದ್ದಕ್ಕೆ ಇವಳಿಗೇಕೆ ಸಿಟ್ಟು ಎಂದು ನಮ್ಮನ್ನೇ ಕೇಳಿದ.

ಥಾಮಸ್ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಪಾಠ ಹೇಳಿದ. ಒಂದು ಮಾತು ಆಡು. ಬಾಯಿ ಮುಚ್ಚು. ಮನಸ್ಸಿನಲ್ಲಿ ಎರಡು ಎಣಿಸು. ಉತ್ತರ ಬಂದ ಮೇಲೆ ಮತ್ತೆ ಬಾಯಿ ತೆರೆ. ಮುಂದಿನ ವಾರ ಜುಬೈದಳಿಗೂ ಇದೇ ಪಾಠವನ್ನು ಅವನೇ ಫೋನಿನಲ್ಲಿ ಒಪ್ಪಿಸಿದ. ಅವಳು ಒಂದೇ ಸಲಕ್ಕೆ ಕಲಿತಳು, ಗಂಡ ಕಲಿಯಲಿಲ್ಲ. ಕೆಲವು ವಾರಗಳಲ್ಲಿ ಜುಬೈದ ಮೊದಲು ಥಾಮಸಣ್ಣನಿಗೆ ಫೋನು ಕೊಡಿ ಎನ್ನತೊಡಗಿದಳು. ಮನೆಯ ವಿಷಯವನ್ನೆಲ್ಲ ಅವನಿಗೆ ಕ್ರಮವಾಗಿ ಹೇಳಿ, ಕೊನೆಯ ಎರಡು ನಿಮಿಷ ಗಂಡನ ಹತ್ತಿರ ಸಲಾಂ ಹೇಳಿ ಇಡುವುದು ರೂಢಿಯಾಯಿತು. ಅಬ್ದುಲ್ಲನಿಗೂ ಇದರಿಂದ ಬೇಸರವಾಗಲಿಲ್ಲ. ಅವನ ಲೆಕ್ಕದಲ್ಲಿ ಜಗಳ ಕಡಿಮೆಯಾಗಿತ್ತು, ಅಷ್ಟು ಸಾಕಿತ್ತು.

ಇನ್ನೂರ ನಲವತ್ತು ಸಂಸಾರಗಳ ರಿಪೇರಿ ಮಾಡುತ್ತಿದ್ದ ಥಾಮಸನಿಗೆ ಸ್ವಂತ ಸಂಸಾರವಿರಲಿಲ್ಲ. ಹಡಗಿನಲ್ಲಿದ್ದಾಗ ಬಿಡುವಿರಲಿಲ್ಲ, ಗೋದಾಮಿನಲ್ಲಿದ್ದಾಗ ಧೈರ್ಯವಿರಲಿಲ್ಲ, ಬಾರ್ಜಿಗೆ ಬರುವಾಗ ತಲೆಯ ಮುಂಭಾಗದಲ್ಲಿ ಕೂದಲಿರಲಿಲ್ಲ. ನಲವತ್ತೇಳು ತುಂಬಿತ್ತು. ಬೆಟ್ಟಿ ಮಾತ್ರ ಪಟ್ಟು ಬಿಟ್ಟಿರಲಿಲ್ಲ. ೨೦೧೩ರ ಮಾರ್ಚಿನಲ್ಲಿ ಅವಳು ಒಂದು ಸಂಬಂಧ ಹುಡುಕಿದಳು. ರೊಸಲಿನ್ ಎಂದು ಹೆಸರು, ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್, ಮೂಲ ಕಾರ್ಕಳದ ಹತ್ತಿರ. ಮೂವರು ತಂಗಿಯರ ಮದುವೆ ಮಾಡಿಸಿ ಮುಗಿಸುವಾಗ ಅವಳಿಗೆ ನಲವತ್ತಮೂರಾಗಿತ್ತು. ನೋಡಲು ಹೋಗೋಣವೆಂದರೆ ಥಾಮಸನ ರಜೆಗೆ ಇನ್ನೂ ಎರಡು ತಿಂಗಳು. ಅಷ್ಟು ಕಾಯಲು ರೊಸಲಿನ್ ತಯಾರಿರಲಿಲ್ಲ. ಮೊದಲು ಫೋನಿನಲ್ಲಿ ಮಾತಾಡಲಿ, ಮಾತೇ ಸರಿಯಿಲ್ಲದಿದ್ದರೆ ಮುಖ ನೋಡಿ ಏನು ಮಾಡುವುದು ಎಂದು ಅವಳು ಬೆಟ್ಟಿಗೆ ಹೇಳಿದಳಂತೆ.

ಶುಕ್ರವಾರ ಸಂಜೆ ಐದಕ್ಕೆ ಎಂದು ನಿಗದಿಯಾಯಿತು. ಸುದ್ದಿಯನ್ನು ಥಾಮಸ್ ಯಾರಿಗೂ ಹೇಳಿರಲಿಲ್ಲ. ಆದರೆ ನಾಲ್ಕೂಮುಕ್ಕಾಲಿಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸೆಂಟು ಹೊಡೆದುಕೊಂಡು ಬಂದ. ಫೋನಿಗೆ ಸೆಂಟು ಹೊಡೆದುಕೊಳ್ಳುವವನನ್ನು ಕಂಡರೆ ಯಾರಿಗೂ ಅರ್ಥವಾಗುತ್ತದೆ. ಅವನು ಗೂಡಿನ ಬಾಗಿಲು ಹಾಕಿಕೊಳ್ಳುವ ಹೊತ್ತಿಗೆ ರೇಡಿಯೊ ರೂಮಿನಲ್ಲಿ ಹದಿನೈದು ಜನ, ಹೊರಗೆ ಮೆಟ್ಟಿಲ ಮೇಲೆ ಇನ್ನಷ್ಟು. ಇಷ್ಟು ವರ್ಷ ಪಾದ್ರಿ ನಮ್ಮದೆಲ್ಲ ಕೇಳಿದ್ದಾನೆ, ಒಂದು ದಿನ ನಾವೂ ಕೇಳುವುದರಲ್ಲಿ ತಪ್ಪೇನು ಎಂಬುದು ಸಭೆಯ ಅಭಿಪ್ರಾಯವಾಗಿತ್ತು.

ನಮಗೆ ಕೇಳಿದ್ದು ಅವನ ಕಡೆಯ ಮಾತು ಮಾತ್ರ. ರೊಸಲಿನ್ ಕಡೆಯದ್ದನ್ನು ಅವಳೇ ಆಮೇಲೆ ಹೇಳಿದ್ದಾಳೆ. ಅವಳು ಆಸ್ಪತ್ರೆಗೆ ಸೇರಿಸುವ ರೋಗಿಯನ್ನು ವಿಚಾರಿಸುವ ಹಾಗೆ ಸಾಲಾಗಿ ಕೇಳುತ್ತ ಹೋದಳು. ವಯಸ್ಸು? ಶುಗರ್ ಉಂಟಾ? ಪ್ರೆಷರ್? ಹಿಂದೆ ಆಪರೇಷನ್ ಏನಾದರೂ? ಥಾಮಸ್ ಚೆನ್ನಾಗಿಯೇ ಎರಡೆರಡು ಎಣಿಸಿ ಉತ್ತರಿಸಿದ. ಆಮೇಲೆ ಅವಳು ಕುಡಿಯುತ್ತೀರಾ ಎಂದು ಕೇಳಿದಳು.

ಇಲ್ಲಿ ಥಾಮಸನ ಪ್ರಾಮಾಣಿಕತೆ ಕೆಲಸ ಕೆಡಿಸಿತು. ಬಾರ್ಜಿನಲ್ಲಿ ಕುಡಿತವೇ ಇಲ್ಲ. ಆದರೆ ಕ್ರಿಸ್ಮಸ್‌ಗೆ ಬೆಟ್ಟಿಯ ಮನೆಯಲ್ಲಿ ಎರಡು ಬಿಯರ್ ಆಗುತ್ತದೆ. ವರ್ಷಕ್ಕೆ ಎರಡು ಬಿಯರು ಕುಡಿತವೆನಿಸುತ್ತದೆಯೋ ಇಲ್ಲವೋ ಎಂದು ಅವನು ಸ್ಟೂಲಿನ ಮೇಲೆ ಕೂತು ಯೋಚಿಸಿದ. ಆಕಾಶದ ವಿಳಂಬಕ್ಕೆ ಮನಸ್ಸಾಕ್ಷಿಯ ವಿಳಂಬವೂ ಸೇರಿತು. ಅತ್ತ ರೊಸಲಿನ್, ಈ ಪ್ರಶ್ನೆಗೆ ಉತ್ತರ ಹೇಳಲು ಮನುಷ್ಯನಿಗೆ ನಾಚಿಕೆಯಾಗಿರಬೇಕು ಎಂದುಕೊಂಡು, ಅದನ್ನು ಬಿಟ್ಟು, ಈ ಮದುವೆಗೆ ನಿಮಗೆ ನಿಜವಾಗಿ ಮನಸ್ಸು ಉಂಟಾ, ಅಕ್ಕನ ಒತ್ತಾಯಕ್ಕಾ ಎಂದು ಕೇಳಿದಳು. ಅದೇ ಹೊತ್ತಿಗೆ ಥಾಮಸ್ ಇತ್ತ, ಎರಡು ಬಿಯರು ಕುಡಿತವಲ್ಲ ಎಂದು ತೀರ್ಮಾನಿಸಿ ಬಾಯಿ ತೆರೆದಿದ್ದ. ಅವಳ ಪ್ರಶ್ನೆಯನ್ನು ಯಂತ್ರ ನುಂಗಿತು. ಅವನ ಉತ್ತರ ಸ್ಪಷ್ಟವಾಗಿ ಮುಟ್ಟಿತು.

"ಇಲ್ಲ. ದೇವರಾಣೆ ಇಲ್ಲ."

ಅವಳು ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದು ಫೋನಿಟ್ಟಳು.

ಥಾಮಸ್ ಹೊರಗೆ ಬಂದದ್ದು ಪರೀಕ್ಷೆ ಗೆದ್ದವನ ಮುಖದಲ್ಲಿ. ಕುಡಿಯುವುದಿಲ್ಲವೆಂದದ್ದೇ ಸಾಕಾಯಿತು, ಥ್ಯಾಂಕ್ಸ್ ಹೇಳಿದಳು, ಇನ್ನೇನೂ ಕೇಳಲಿಲ್ಲ ಎಂದ. ಅಬ್ದುಲ್ಲ ಮಾರನೆಯ ದಿನ ಇಡೀ ಬಾರ್ಜಿಗೆ ಶ್ಯಾವಿಗೆ ಪಾಯಸ ಮಾಡಿದ. ನಾವೆಲ್ಲ ಎರಡೆರಡು ಬಟ್ಟಲು ಕುಡಿದೆವು.

ಪಾಯಸ ಜೀರ್ಣವಾಗುವ ಮೊದಲೇ, ಭಾನುವಾರ, ರೇಡಿಯೊ ರೂಮಿನ ಲೈನಿಗೆ ಬೆಟ್ಟಿಯ ಫೋನು ಬಂತು. ಅವಳಿಗೆ ಎರಡು ಎಣಿಸುವ ಅಭ್ಯಾಸವಿಲ್ಲ. ಬೇಕಾಗಿಯೂ ಇರಲಿಲ್ಲ, ಥಾಮಸನಿಗೆ ಬಾಯಿ ತೆರೆಯಲು ಅವಳು ಬಿಟ್ಟರೆ ತಾನೆ. ಮರ್ಯಾದೆ ತೆಗೆದೆ, ಮನಸ್ಸಿಲ್ಲದಿದ್ದರೆ ನನ್ನ ಹತ್ತಿರ ಹೇಳಬಾರದಿತ್ತೇ, ಆ ಹೆಣ್ಣಿನ ಮುಖಕ್ಕೆ ಹೊಡೆದ ಹಾಗೆ ದೇವರಾಣೆ ಹಾಕುವುದೇ, ಎಂದೆಲ್ಲ ಅಂದಳು. ಕೊನೆಗೆ, ಗುರುವಾರ ರೊಸಲಿನ್ ಇನ್ನೊಬ್ಬನನ್ನು ನೋಡುತ್ತಿದ್ದಾಳೆ, ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ ಕಂಪ್ಯೂಟರ್ ಕಂಪನಿಯ ಅಕೌಂಟೆಂಟ್, ಎರಡು ಬೆಡ್‌ರೂಮಿನ ಫ್ಲ್ಯಾಟು, ಇನ್ನು ನೀನು ಸಮುದ್ರದಲ್ಲೇ ಸಾಯಿ ಎಂದು ಇಟ್ಟುಬಿಟ್ಟಳು.

ಥಾಮಸ್ ರಿಸೀವರ್ ಇಟ್ಟ. ಏನಾಯಿತೆಂದು ಅವನಿಗೆ ತಿಳಿಯದೆ ಇರಲಿಲ್ಲ. ಇಂಥದ್ದನ್ನು ಇನ್ನೂರು ಸಲ ಬಿಡಿಸಿಕೊಟ್ಟವನು ಅವನೇ. ಆ ದಿನ ನಾಲ್ಕು ಸಲ ರೊಸಲಿನ್‌ಗೆ ಫೋನು ಮಾಡಿದ. ಅವಳು ಡ್ಯೂಟಿಯಲ್ಲಿದ್ದಳೋ, ಎತ್ತಬಾರದೆಂದಿದ್ದಳೋ, ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ನಮ್ಮ ದೊಡ್ಡ ಕ್ರೇನಿನ ಪೈಪು ಒಡೆದು ಅದರ ತೋಳು ಅರ್ಧಕ್ಕೆ ನಿಂತಿತು. ನಿಂತದ್ದು ಸರಿಯಾಗಿ ಗುಮ್ಮಟಕ್ಕೂ ಉಪಗ್ರಹಕ್ಕೂ ಅಡ್ಡವಾಗಿ. ಫೋನು ಸತ್ತಿತು. ರಿಪೇರಿಯವನು ಅಬುಧಾಬಿಯಿಂದ ಬೋಟಿನಲ್ಲಿ ಬರಬೇಕು. ಶಮಾಲ್ ಗಾಳಿ ಎದ್ದಿದ್ದರಿಂದ ಬೋಟು ಹೊರಡುವಂತಿರಲಿಲ್ಲ. ಉಳಿದದ್ದು ಬಾರ್ಜಿನ ಕ್ಯಾಪ್ಟನ್ನರ ಮೇಜಿನ ಖಾನೆಯಲ್ಲಿದ್ದ ಕೈಫೋನು ಒಂದೇ. ದಪ್ಪ ಕಪ್ಪು ಇಟ್ಟಿಗೆಯಂಥದ್ದು, ಬೆರಳು ಗಾತ್ರದ ಆಂಟೆನಾವನ್ನು ಎಳೆದು ಆಕಾಶಕ್ಕೆ ಹಿಡಿದರೆ ಇನ್ನೊಂದು ಉಪಗ್ರಹವನ್ನು ಹಿಡಿಯುತ್ತಿತ್ತು. ಅದು ಅಪಾಯದ ಹೊತ್ತಿಗೆ ಮತ್ತು ಕಂಪನಿಯ ವರದಿಗೆ ಮಾತ್ರ. ದಿನಾ ಬೆಳಿಗ್ಗೆ ಹೆಲಿಕಾಪ್ಟರ್ ಇಳಿಯುವ ಮೇಲಟ್ಟಕ್ಕೆ ಹತ್ತಿ ಆಫೀಸಿಗೆ ವರದಿ ಒಪ್ಪಿಸುವುದು, ಫೋನನ್ನು ಖಾನೆಗೆ ಹಿಂದಿರುಗಿಸುವುದು ಥಾಮಸನ ಕೆಲಸ.

ಆ ಎರಡು ದಿನಗಳಲ್ಲಿ ಕನಿಷ್ಠ ಮೂವತ್ತು ಜನ ಅವನನ್ನು ಕೇಳಿದ್ದರು. ಒಂದೇ ನಿಮಿಷ ಪಾದ್ರಿ, ಮನೆಗೆ ಒಂದು ಮಾತು. ಅವನು ಯಾರಿಗೂ ಕೊಡಲಿಲ್ಲ. ಬ್ಯಾಟರಿ ಉಳಿಯಬೇಕು, ಯಾರಾದರೂ ಮೇಲಿಂದ ಬಿದ್ದರೆ ಹೆಲಿಕಾಪ್ಟರ್ ಕರೆಯುವುದು ಇದರಲ್ಲೇ ಎಂದ. ಹಾಗಿರುವಾಗ ತಾನು ಮಾತ್ರ ಅದರಲ್ಲಿ ರೊಸಲಿನ್‌ಗೆ ಕರೆ ಮಾಡುವುದು ಹೇಗೆ? ಮಂಗಳವಾರ ಅವನು ವರದಿ ಕೊಟ್ಟು ಇಳಿದು ಬಂದಾಗ ಫೋನು ಕೈಯಲ್ಲೇ ಇತ್ತು. ಖಾನೆಗೆ ಹಾಕಿ ಬೀಗದ ಕೈ ಕ್ಯಾಪ್ಟನ್ನರಿಗೆ ಕೊಟ್ಟುಬಂದ. ಮಧ್ಯಾಹ್ನ ಊಟ ಮಾಡಲಿಲ್ಲ.

ಅಬ್ದುಲ್ಲನಿಗೆ ಅದು ತಡೆಯದಾಯಿತು. ತನ್ನ ಅಡುಗೆಯನ್ನು ಬಿಟ್ಟು ಎದ್ದವರನ್ನು ಅವನು ಸುಲಭವಾಗಿ ಕ್ಷಮಿಸುವವನಲ್ಲ. ಸಂಜೆ ಊಟದ ಹಾಲಿನಲ್ಲಿ ಸೌಟು ಹಿಡಿದೇ ಎಲ್ಲರನ್ನೂ ಕೇಳಿದ, ಪಾದ್ರಿ ಒಂದು ಸಲ ಆ ಫೋನು ಮಾಡಿದರೆ ಯಾರಿಗೆ ತಕರಾರು ಎಂದು. ಯಾರಿಗೂ ಇರಲಿಲ್ಲ. ಒಂದು ಷರತ್ತು ಮಾತ್ರ ಬಂತು, ವೆಲ್ಡರುಗಳ ಕಡೆಯಿಂದ: ನಾವು ಹತ್ತಿರ ನಿಂತು ಕೇಳಬೇಕು.

ಉಳಿದದ್ದು ಕ್ಯಾಪ್ಟನ್ನರು. ಅಲೆಕ್ಸಾಂಡ್ರಿಯಾದವರು, ದೊಡ್ಡ ಮೀಸೆ, ನಿಯಮದ ಮನುಷ್ಯ. ಬುಧವಾರ ಬೆಳಿಗ್ಗೆ ಅಬ್ದುಲ್ಲ ಅವರ ನಾಷ್ಟಾದ ತಟ್ಟೆಯೊಂದಿಗೆ ತನ್ನ ಅಡುಗೆಮನೆಯ ಅರಬ್ಬಿಯನ್ನೂ ತೆಗೆದುಕೊಂಡು ಹೋದ. ಥಾಮಸ್, ಅರೂಸ್, ಟೆಲಿಫೋನ್ ಮಾಫಿ, ಖಮೀಸ್ ಖಲಾಸ್ ಎಂದನಂತೆ. ಥಾಮಸನಿಗೆ ಮದುಮಗಳು, ಫೋನಿಲ್ಲ, ಗುರುವಾರಕ್ಕೆ ಎಲ್ಲ ಮುಗಿಯುತ್ತದೆ. ಕ್ಯಾಪ್ಟನ್ನರು ಮೊಟ್ಟೆ ತಿನ್ನುವುದನ್ನು ನಿಲ್ಲಿಸಿ, ವಾರಕ್ಕೊಂದು ಸಲ ಈ ಫೋನಿನಿಂದ ಪರೀಕ್ಷೆಗೆಂದು ಒಂದು ಕರೆ ಮಾಡಬೇಕೆಂದು ನಿಯಮವಿದೆ, ಯಾರಿಗೆ ಮಾಡಬೇಕೆಂದು ನಿಯಮದಲ್ಲಿ ಬರೆದಿಲ್ಲ ಎಂದರು.

ಹತ್ತು ಗಂಟೆಗೆ ಮೇಲಟ್ಟದಲ್ಲಿ ಗಾಳಿ ಅಂಗಿಗಳನ್ನು ಕಿತ್ತುಹಾಕುವಂತೆ ಬೀಸುತ್ತಿತ್ತು. ಕ್ಯಾಪ್ಟನ್ನರು, ನಾನು, ಅಬ್ದುಲ್ಲ, ಷರತ್ತಿನ ಪ್ರಕಾರ ಆರು ಜನ ವೆಲ್ಡರುಗಳು. ಥಾಮಸ್ ನಮ್ಮೆಲ್ಲರ ನಡುವೆ ಆಂಟೆನಾವನ್ನು ಆಕಾಶಕ್ಕೆ ಹಿಡಿದು ನಿಂತ. ಮೊದಲ ಎರಡು ಸಲ ಅವಳು ಎತ್ತಿ ಮಾತಾಡದೆ ಕತ್ತರಿಸಿದಳು. ಯಾವ ದೇಶದ್ದೂ ಅಲ್ಲದ ನಂಬರು ಅದು. ಮೂರನೆಯ ಸಲ ಎತ್ತಿದವಳೇ, ನನಗೆ ಲಾಟರಿ ಗೀಟರಿ ಯಾವುದೂ ಬೇಡ ಎಂದಳು.

ಥಾಮಸ್ ಕಣ್ಣು ಮುಚ್ಚಿದ. ಹಡಗಿನಲ್ಲಿ ಟೆಲಿಗ್ರಾಂ ಕಳುಹಿಸುತ್ತಿದ್ದಾಗ ಹೇಗೋ ಹಾಗೆ, ಒಂದು ಪದ ಹೆಚ್ಚಿಲ್ಲದೆ, ಒಂದೇ ಉಸಿರಿಗೆ ಹೇಳಿದ.

"ಥಾಮಸ್ ಡಿಮೆಲ್ಲೊ, ಬಾರ್ಜಿನಿಂದ. ಮೊನ್ನೆ ಇಲ್ಲ ಅಂದದ್ದು ಕುಡಿತಕ್ಕೆ. ನಿಮ್ಮ ಆಮೇಲಿನ ಪ್ರಶ್ನೆ ನನಗೆ ಕೇಳಲೇ ಇಲ್ಲ. ಕುಡಿತದ್ದೂ ಪೂರ್ತಿ ಸತ್ಯ ಅಲ್ಲ, ಕ್ರಿಸ್ಮಸ್‌ಗೆ ಎರಡು ಬಿಯರ್ ಉಂಟು. ಮದುವೆಗೆ ಮನಸ್ಸು ಉಂಟು. ನನ್ನದು ಮುಗಿಯಿತು, ಈಗ ನೀವು ಹೇಳಿ."

ಒಂದು, ಎರಡು. ಏನೂ ಇಲ್ಲ. ಮೂರು, ನಾಲ್ಕು. ಉಪಗ್ರಹಕ್ಕೆ ಹೋಗಿ ಬರಲು ಇಷ್ಟು ಹೊತ್ತು ಬೇಡ, ಇದು ಅವಳದ್ದೇ ಮೌನ ಎಂದು ನಮಗೆಲ್ಲ ತಿಳಿಯಿತು. ಥಾಮಸ್ ಇನ್ನೇನೋ ಹೇಳಲು ಬಾಯಿ ತೆರೆದ. ಅಬ್ದುಲ್ಲ ಅವನ ರಟ್ಟೆ ಹಿಡಿದು ಹಿಂಡಿದ. ಆಮೇಲೆ ಥಾಮಸನ ಹುಬ್ಬು ಮೇಲೇರಿತು. ಫೋನನ್ನು ಕಿವಿಗೆ ಒತ್ತಿಕೊಂಡೇ ನಮ್ಮ ಕಡೆ ತಿರುಗಿ ಮೆಲ್ಲನೆ ಹೇಳಿದ.

"ಎರಡೇ ಯಾಕೆ ಅಂತ ಕೇಳ್ತಾಳೆ ಮಾರಾಯ."

ಕ್ಯಾಪ್ಟನ್ನರು ಅದೇನೆಂದು ನನ್ನನ್ನು ಕೇಳಿದರು, ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅಷ್ಟರಲ್ಲಿ ಅತ್ತ ರೊಸಲಿನ್ ಮುಂದುವರಿಸಿದ್ದಳು. ಇಗರ್ಜಿಯ ಪೂಜೆಗೆ ಹೋಗಿ ಬಂದ ದಿನ ಊಟದ ಮೊದಲು ತನಗೆ ಒಂದು ಗ್ಲಾಸ್ ವೈನ್ ಬೇಕು, ಅದು ಇಪ್ಪತ್ತು ವರ್ಷದ ಅಭ್ಯಾಸ, ಮದುವೆಯ ನಂತರ ಬಿಡುವುದಿಲ್ಲ, ತೊಂದರೆಯಿದ್ದರೆ ಈಗಲೇ ಹೇಳಬೇಕು, ವಾರ್ಡಿನಲ್ಲಿ ಒಬ್ಬರಿಗೆ ಇಂಜೆಕ್ಷನ್ ಕೊಡುವುದು ಬಾಕಿಯಿದೆ. ಥಾಮಸ್ ಇಲ್ಲ ಎಂದ. ಎಂದವನೇ ಬೆದರಿಬಿಟ್ಟ.

"ಇಲ್ಲ ಅಂದ್ರೆ ತೊಂದರೆ ಇಲ್ಲ. ಮದುವೆಗೆ ಹೌದು. ಹೌದು."

ಅವನ ಹೌದಿಗೆ ವೆಲ್ಡರುಗಳು ಸಿಳ್ಳೆ ಹೊಡೆದರು. ಕ್ಯಾಪ್ಟನ್ನರು ಕೆಳಗೆ ಹೋಗಿ ದಫ್ತರಿನಲ್ಲಿ ಪರೀಕ್ಷೆಯ ಕರೆ ಮಾಡಲಾಯಿತು, ಫಲಿತಾಂಶ ತೃಪ್ತಿಕರ ಎಂದು ಬರೆದು ಸಹಿ ಹಾಕಿದರು. ಆಮೇಲೆ, ಇಷ್ಟಾದ ಮೇಲೆ ಉಳಿದವರಿಗೆ ಇಲ್ಲವೆನ್ನಲು ಅವರಿಗೂ ಮನಸ್ಸು ಬರಲಿಲ್ಲವೇನೋ, ಮನೆಯಲ್ಲಿ ಕಾಯಿಲೆಯವರು ಇದ್ದವರಿಗೆ ಒಂದೊಂದು ನಿಮಿಷ ಕೊಡಲು ಥಾಮಸನಿಗೆ ಹೇಳಿದರು. ಆ ಮಧ್ಯಾಹ್ನ ಬಾರ್ಜಿನ ಅರ್ಧಕ್ಕರ್ಧ ಜನರ ತಾಯಂದಿರಿಗೆ ಜ್ವರ ಬಂತು. ಥಾಮಸ್ ಹನ್ನೊಂದು ಜನರನ್ನು ಮಾತ್ರ ನಂಬಿದ.

ಗುರುವಾರ ಸಿಲಿಕಾನ್ ಓಯಸಿಸ್‌ನ ಅಕೌಂಟೆಂಟನನ್ನು ರೊಸಲಿನ್ ನೋಡಲು ಹೋದಳೋ ಇಲ್ಲವೋ ಎಂದು ನಾನು ಮುಂದೆಂದೋ ಕೇಳಿದ್ದೇನೆ. ಹೋದೆ, ಬರುತ್ತೇನೆಂದು ಮಾತು ಕೊಟ್ಟಿದ್ದೆನಲ್ಲ, ಅವರ ಮನೆಯಲ್ಲಿ ಚಾ ಚೆನ್ನಾಗಿತ್ತು ಎಂದಳು.

ಮೇ ತಿಂಗಳಲ್ಲಿ ರಜೆಗೆಂದು ನಾವಿಬ್ಬರೂ ಒಂದೇ ಬೋಟಿನಲ್ಲಿ ದಡಕ್ಕೆ ಬಂದೆವು. ಬಂದರಿನ ಗೇಟಿನ ಹೊರಗೆ ಬಿಸಿಲಿನಲ್ಲಿ ನರ್ಸಿನ ಬಿಳಿ ಬೂಟು ತೊಟ್ಟ ಒಬ್ಬ ಹೆಂಗಸು ಛತ್ರಿ ಹಿಡಿದು ನಿಂತಿದ್ದಳು. ಡ್ಯೂಟಿಯಿಂದ ನೇರ ಬಂದಿದ್ದಳೆಂದು ಕಾಣುತ್ತದೆ. ಥಾಮಸ್ ಬ್ಯಾಗು ಕೆಳಗಿಟ್ಟು, ಇದ್ದ ನಾಲ್ಕು ಕೂದಲನ್ನು ಸರಿಮಾಡಿಕೊಂಡ. ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಫೋನಿನಲ್ಲಿ ನೀವು ಇನ್ನೂ ಸ್ವಲ್ಪ ಉದ್ದ ಇದ್ದಿರಿ," ಎಂದಳು.

ಹೇಳಿ ಛತ್ರಿಯನ್ನು ಅವನ ತಲೆಯ ಮೇಲೂ ಹಿಡಿದಳು. ಅದಕ್ಕೆ ಅವಳು ಕೈಯನ್ನು ಹೆಚ್ಚು ಎತ್ತಬೇಕಾಗಲಿಲ್ಲ.

ಮರುವರ್ಷ ಜನವರಿಯಲ್ಲಿ ಅಬುಧಾಬಿಯ ಇಗರ್ಜಿಯಲ್ಲಿ ಮದುವೆಯಾಯಿತು. ಅಂದು ಥಾಮಸ್ ಪ್ರವಚನ ಮುಗಿಯುವವರೆಗೂ ಒಳಗೇ ಕೂತ; ಬೆಟ್ಟಿ ಅದಕ್ಕೇ ಅತ್ತಳೆಂದು ನನ್ನ ಊಹೆ. ಜುಬೈದ ಊರಿನಿಂದ ಒಂದು ಸೀರೆ ಕಳುಹಿಸಿದ್ದಳು, ಅಬ್ದುಲ್ಲ ರಜೆ ಹಾಕಿ ಬಂದು ಬಿರಿಯಾನಿಯ ಉಸ್ತುವಾರಿ ನೋಡಿಕೊಂಡ.

೨೦೧೬ರಲ್ಲಿ ಬಾರ್ಜಿಗೆ ವೈಫೈ ಹಾಕಿದರು. ಎಲ್ಲರೂ ತಮ್ಮ ತಮ್ಮ ಮಂಚದಲ್ಲೇ ಮಲಗಿ ಮೊಬೈಲಿನಲ್ಲಿ ಮನೆಯವರೊಡನೆ ಮಾತಾಡತೊಡಗಿದರು. ಫೋನು ಗೂಡನ್ನು ಅಬ್ದುಲ್ಲ ನೀರುಳ್ಳಿ ಇಡಲು ಕೇಳಿ ತೆಗೆದುಕೊಂಡ. ಹೀಗೆ ಥಾಮಸನ ಎರಡನೆಯ ರೇಡಿಯೊ ಕೆಲಸವೂ ಅವನ ಕಣ್ಣೆದುರೇ ಸತ್ತಿತು. ಕಂಪನಿ ಅವನನ್ನು ಸ್ಟೋರಿಗೆ ಹಾಕುತ್ತೇನೆಂದಿತು. ಮತ್ತೆ ಪೆಟ್ಟಿಗೆ ಎಣಿಸುವುದು ತನ್ನಿಂದಾಗದು ಎಂದು ರಾಜೀನಾಮೆ ಕೊಟ್ಟು ಅಬುಧಾಬಿಯ ಅಂಚಿನ ಮುಸಫ್ಫಾದ ಶಾಬಿಯಾದಲ್ಲಿ ರೊಸಲಿನ್ ಹಿಡಿದಿದ್ದ ಮನೆಗೆ ಹೋದ. ಅವಳು ದುಡಿಯುವುದು, ಇವನು ಮನೆ ನೋಡುವುದು ಎಂದು ಒಪ್ಪಂದವಾಯಿತು. ಊರಿನಲ್ಲಿ ಇದಕ್ಕೆ ಜನ ಏನೇನೋ ಆಡಿಕೊಂಡರಂತೆ. ರೊಸಲಿನ್‌ಗೆ ಅದನ್ನು ಕೇಳಿಸಿಕೊಳ್ಳಲು ಪುರುಸೊತ್ತಿರಲಿಲ್ಲ.

೨೦೧೮ರಲ್ಲಿ ನಾನು ಕೆಲಸ ಬಿಟ್ಟು ಊರಿಗೆ ಹೊರಡುವ ಮೊದಲು ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಥಾಮಸ್ ಮುಂಡು ಕಟ್ಟಿಕೊಂಡು ಬಂಗುಡೆ ಸಾರು ಕುದಿಸುತ್ತಿದ್ದ. ಬಾರ್ಜಿನ ಸುದ್ದಿ, ಕ್ಯಾಪ್ಟನ್ನರ ಸುದ್ದಿ ಕೇಳಿದ. ಮೂರು ಗಂಟೆಗೆ ರೊಸಲಿನ್ ಡ್ಯೂಟಿ ಮುಗಿಸಿ ಬಂದು, ಬೂಟು ಕಳಚಿ, ಕೈ ತೊಳೆದು ಕೂತಳು. ಒಂದು ತುತ್ತು ತಿಂದು ಉಪ್ಪು ಕಡಿಮೆ ಎಂದಳು. ಥಾಮಸ್ ಒಪ್ಪಲಿಲ್ಲ. ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಇನ್ನೊಂದು ಬಂಗುಡೆ ಹಾಕಿಸಿಕೊಂಡು ತಿನ್ನುತ್ತ ಕೂತೆ.